ಕಾಂಕ್ರೀಟ್ ಮೇಲೆ ಮರದ ಗೋಡೆ ನಿಲ್ಲಿಸೋಕೆ ಯಾವ ಸಿಲ್ ಸೀಲ್? ಫೋಮ್ ರೋಲು, ರಬ್ಬರ್ ಗ್ಯಾಸ್ಕೆಟ್ಟು, ಅಂಟೋ ಪಟ್ಟಿ ಮೂರನ್ನೂ ಬಳಸಿದ ಮೇಲೆ ಬರೀತಿರೋದು

ನಾವಿರೋದು ಮಿಷಿಗನ್‌ನಲ್ಲಿ, ಡೆಟ್ರಾಯ್ಟ್ ಪಕ್ಕದ ಒಂದೂರು. ಇಲ್ಲಿ ಮನೆ ಅಂದ್ರೆ ಮರ, ಗೋಡೆ ಪೂರ್ತಿ ಮರದ ಚೌಕಟ್ಟು, ಕೂರೋದು ಮಾತ್ರ ಕಾಂಕ್ರೀಟ್ ಮೇಲೆ. ಗೋಡೆಯ ಎಲ್ಲಕ್ಕಿಂತ ಕೆಳಗೆ ಅಡ್ಡ ಮಲಗಿರೋ ಮರಕ್ಕೆ ಸಿಲ್ ಪ್ಲೇಟ್ ಅಂತಾರೆ, ಆ ಮರಕ್ಕೂ ಕಾಂಕ್ರೀಟಿಗೂ ಮಧ್ಯ ಹಾಸೋ ತೆಳ್ಳನೆ ಪಟ್ಟಿಗೆ ಸಿಲ್ ಸೀಲ್. ಇಡೀ ಕಟ್ಟಡದ ಖರ್ಚಲ್ಲಿ ಲೆಕ್ಕಕ್ಕೇ ಬರದಷ್ಟು ಸಣ್ಣ ಸಾಮಾನು. ಆದ್ರೆ ಗೋಡೆ ಒಂದ್ಸಲ ಎದ್ದು ನಿಂತ ಮೇಲೆ ಅದನ್ನ ಎಳೆದು ಬೇರೆ ಹಾಕೋಕೆ ಆಗಲ್ಲ, ಗೋಡೆ ಇರೋ ತನಕ ಅದೇ ಗತಿ. ಎರಡು ಕಟ್ಟಡದಲ್ಲಿ ಇದರ ಜೊತೆ ಬದುಕಿದೀನಿ, ಒಂದನ್ನ ಬೇರೆಯವರು ಕಟ್ಟಿಕೊಟ್ರು, ಇನ್ನೊಂದನ್ನ ನಾನೇ ಗೆಳೆಯನ ಜೊತೆ ಸೇರಿ ಕಟ್ಟಿದೆ, ಅದಕ್ಕೇ ಸ್ವಲ್ಪ ಉದ್ದವಾಗೇ ಬರೀತೀನಿ.

ಮೊದಲನೇದು ಹಿತ್ತಲಲ್ಲಿರೋ ಶೆಡ್ಡು, ಹನ್ನೆರಡಡಿಗೆ ಹದಿನಾರಡಿ. ಮರಗೆಲಸ ಮಾಡ್ಕೊಳ್ಳೋಣ ಅಂತ ಕಟ್ಟಿಸಿದ್ದು. ಕಾಂಟ್ರ್ಯಾಕ್ಟರ್ ಬಂದ, ನೆಲಕ್ಕೆ ಕಾಂಕ್ರೀಟ್ ಸ್ಲ್ಯಾಬ್ ಹಾಕಿದ, ಒಂದು ವಾರ ಬಿಟ್ಟು ಬಂದು ಫೋಮ್ ರೋಲನ್ನ ಚಾಪೆ ಬಿಚ್ಚಿದ ಹಾಗೆ ಬಿಚ್ಕೊಂಡು ಹೋದ, ಅದರ ಮೇಲೆ ಗೋಡೆ ಎತ್ತಿ ನಿಲ್ಲಿಸಿದ, ಎಲ್ಲಾ ಒಂದೇ ಬೆಳಗ್ಗೆ ಮುಗೀತು. ನಾನೂ ಖುಷಿಯಾಗಿ ಫೋಟೋ ತೆಗೆದು ಊರಿಗೆ ಕಳಿಸಿದೆ. ಚಳಿಗಾಲ ಬಂತು, ಒಂದು ಸಣ್ಣ ಹೀಟರ್ ಇಟ್ಟೆ, ರೂಮು ಬೆಚ್ಚಗಾಗುತ್ತೆ ಆದ್ರೆ ಮೊಣಕಾಲಿಂದ ಕೆಳಗೆ ಬೆಚ್ಚಗಾಗಲ್ಲ, ಎರಡು ಜೊತೆ ಕಾಲುಚೀಲ ಹಾಕ್ಕೊಂಡ್ರೂ ಪಾದ ಮರಗಟ್ಟೋದು. ಜನವರಿಯಲ್ಲಿ ಮೈನಸ್ ಇಪ್ಪತ್ತರ ಹತ್ರ ಹೋದ ಒಂದು ಬೆಳಗ್ಗೆ ಒಳಗೆ ಹೋಗಿ ಬಗ್ಗಿ ನೋಡ್ತೀನಿ, ಗೋಡೆ ಹಿಡಿದಿರೋ ಆಂಕರ್ ಬೋಲ್ಟ್‌ಗಳ ನಟ್ ಮೇಲೆಲ್ಲ ಬೆಳ್ಳಗೆ ಹಿಮದ ಹರಳು ಕೂತಿದೆ, ಒಳಗಡೆ, ಹೀಟರ್ ಉರೀತಿರೋ ರೂಮಲ್ಲಿ! ಕಬ್ಬಿಣ ಥಂಡಿನ ಒಳಗೆ ತರುತ್ತೆ ಅದು ಸರಿ, ಆದ್ರೆ ನಟ್ ಸುತ್ತ ಮರದ ಮೇಲೂ ಒಂದು ಗೆರೆ ಹಿಮ ಇತ್ತು, ಅಂದ್ರೆ ಅಲ್ಲಿ ಗಾಳಿ ಆಡ್ತಿದೆ ಅಂತ ಅರ್ಥ.

ಮನೇಲಿ ದೇವರ ಮುಂದೆ ಹಚ್ಚೋ ಊದುಬತ್ತಿ ತಗೊಂಡು ಬಂದೆ. ಇದನ್ನ ಯಾರು ಬೇಕಾದ್ರೂ ಮಾಡಬಹುದು, ತುಂಬ ಸುಲಭ. ಕಿಟಕಿಗೆ ಒಂದು ಬಾಕ್ಸ್ ಫ್ಯಾನ್ ಹೊರಗೆ ಗಾಳಿ ದೂಡೋ ಹಾಗೆ ಸಿಕ್ಕಿಸಿ ಸುತ್ತ ಟೇಪ್ ಹಾಕಿ ಹತ್ತು ನಿಮಿಷ ಓಡಿಸಿ, ಆಮೇಲೆ ಊದುಬತ್ತಿ ಹಚ್ಚಿ ಗೋಡೆ ಬುಡದಲ್ಲಿ ನಿಧಾನಕ್ಕೆ ಸಾಗಿಸಿಕೊಂಡು ಹೋಗಿ. ಹೊಗೆ ನೆಟ್ಟಗೆ ಏರ್ತಾ ಇದ್ರೆ ಅಲ್ಲಿ ಸಂದು ಇಲ್ಲ. ನಮ್ಮ ಶೆಡ್ಡಲ್ಲಿ ಬಾಗಿಲಿಂದ ಎರಡನೇ ಬೋಲ್ಟ್ ತನಕ ಹೊಗೆ ನೂಲು ಹಿಡಿದ ಹಾಗೆ ನೆಟ್ಟಗಿತ್ತು, ಮೂರನೇದರ ಹತ್ರ ಬಂದ ತಕ್ಷಣ ಪಟ್ ಅಂತ ಒಳಗಡೆಗೆ ಬಾಗಿ ನೆಲದ ಮೇಲೇ ಮಲಗಿಬಿಡ್ತು. ಅಲ್ಲಿಂದ ಮೂಲೆ ತನಕ ಸುಮಾರು ಐದಡಿ ಅದೇ ಕಥೆ. ಊಟದ ಬಿಲ್ ಸಿಕ್ಕಿಸೋ ಥರದ ತೆಳು ರಟ್ಟು ತಗೊಂಡು ಫೋಮ್ ಕೆಳಗೆ ತೂರಿಸಿದ್ರೆ ಸಲೀಸಾಗಿ ಆಚೆ ಕಡೆಗೇ ಹೋಯ್ತು. ಫೋಮ್ ಮರಕ್ಕೆ ಅಂಟಿಕೊಂಡಿದೆ, ಸ್ಲ್ಯಾಬ್ ಮಾತ್ರ ಅಲ್ಲಿ ತಗ್ಗಾಗಿದೆ, ಮಧ್ಯ ಖಾಲಿ. ಬೇಸಿಗೇಲಿ ಇರುವೆ ಸಾಲು ಒಳಗೆ ಬರ್ತಿದ್ದಿದ್ದೂ ಅದೇ ಐದಡಿಯಿಂದ ಅಂತ ಆಗ ಗೊತ್ತಾಯ್ತು.

ಫೋಮ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಇದನ್ನ ಸರಿಯಾಗಿ ಅರ್ಥ ಮಾಡ್ಕೊಳ್ಳೋಕೆ ನನಗೂ ಸುಮಾರು ದಿನ ಬೇಕಾಯ್ತು. ಮರಕ್ಕೂ ಕಾಂಕ್ರೀಟಿಗೂ ಮಧ್ಯ ಹಾಕೋ ಪಟ್ಟಿಗೆ ಕೆಲಸ ಒಂದಲ್ಲ, ಎರಡು. ಒಂದು ತೇವ ತಡೆಯೋದು. ಕಾಂಕ್ರೀಟ್ ನೋಡೋಕೆ ಕಲ್ಲಿನ ಹಾಗಿದ್ರೂ ಒಳಗೆಲ್ಲ ಕೂದಲೆಳೆಗಿಂತ ಸಣ್ಣ ರಂಧ್ರ, ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ನೆಲದ ನೀರನ್ನ ಹೀರಿ ಮೇಲಕ್ಕೆ ತರುತ್ತೆ, ಮರ ಅದಕ್ಕೆ ತಾಗಿದ್ರೆ ಮರಕ್ಕೂ ಕೊಡುತ್ತೆ. ಇನ್ನೊಂದು ಗಾಳಿ ತಡೆಯೋದು. ಫೋಮ್ ಅಂದ್ರೆ ಒಳಗೆ ಮುಚ್ಚಿದ ಗುಳ್ಳೆಗಳಿರೋ ಪಾಲಿಎಥಿಲೀನ್, ನೀರನ್ನ ದಾಟಿಸಲ್ಲ, ಆದ್ದರಿಂದ ಮೊದಲನೇ ಕೆಲಸ ಚೆನ್ನಾಗೇ ಮಾಡುತ್ತೆ. ಎರಡನೇದು ಅದು ಮಾಡೋದು ಸ್ಲ್ಯಾಬ್ ಸಮ ಇದ್ರೆ ಮಾತ್ರ. ನನ್ನ ಶೆಡ್ಡಲ್ಲಿ ಇವತ್ತಿಗೂ ಸಿಲ್ ಪ್ಲೇಟ್ ಕೊಳೆತಿಲ್ಲ, ಚೂರಿ ಮೊನೆ ಚುಚ್ಚಿ ನೋಡಿದೀನಿ, ಗಟ್ಟಿಯಾಗಿದೆ. ತೇವ ನಿಂತಿದೆ, ಗಾಳಿ ನಿಂತಿಲ್ಲ.

ಅಪ್ಪ ಆವಾಗ ಇಲ್ಲಿಗೆ ಬಂದಿದ್ರು, ಆರು ತಿಂಗಳು ಇದ್ರು. ನಮ್ಮೂರು ತೀರ್ಥಹಳ್ಳಿ ಕಡೆ. ಸ್ಲ್ಯಾಬ್ ಮೇಲೆ ಮರ ಮಲಗಿಸಿರೋದು ನೋಡಿ ಅವರು ಕೇಳಿದ ಮೊದಲನೇ ಮಾತೇ, "ಮಾರಾಯ, ಮರಾನ ನೆಲಕ್ಕೆ ಹಿಂಗೆ ಮಲಗಿಸ್ತಾರನ? ಒರಲೆ ಹತ್ತಲ್ವ?" ನಮ್ಮ ಹಳೇ ಮನೇಲಿ ತೊಟ್ಟಿ ಸುತ್ತ ನಿಂತಿರೋ ಕಂಬಗಳು ಒಂದೂ ನೆಲ ಮುಟ್ಟಲ್ಲ, ಪ್ರತಿಯೊಂದರ ಕೆಳಗೂ ಒಂದು ಕಲ್ಲಿನ ಪೀಠ, ಮಳೆಗಾಲದಲ್ಲಿ ತೊಟ್ಟಿಯಿಂದ ನೀರು ಸಿಡಿದ್ರೂ ನೆಲ ಬೆವರಿದ್ರೂ ಮರಕ್ಕೆ ಏರಬಾರದು ಅಂತ. ಚಿಕ್ಕಂದಿಂದ ಆ ಕಲ್ಲಿನ ಮೇಲೆ ಕೂತು ಬೆಳೆದವನು ನಾನು, ಅದು ಯಾಕಿದೆ ಅಂತ ಯೋಚನೆ ಮಾಡಿದ್ದು ಇಲ್ಲಿಗೆ ಬಂದು ಸಿಲ್ ಸೀಲ್ ಬಗ್ಗೆ ತಲೆ ಕೆಡಿಸ್ಕೊಂಡ ಮೇಲೆ. ಅಪ್ಪಂಗೆ ಫೋಮ್ ತುಂಡು ತೋರಿಸಿದೆ, ಬೆರಳಲ್ಲಿ ಒತ್ತಿ ಒತ್ತಿ ನೋಡಿ, "ಇದು ಚಪ್ಪಟೆ ಆದ್ರೆ ಮತ್ತೆ ಏಳಲ್ಲ ಕಣೋ" ಅಂದ್ರು. ಅವರ ಬೆರಳಿಗೆ ಒಂದು ನಿಮಿಷದಲ್ಲಿ ಗೊತ್ತಾಗಿದ್ದು ನನಗೆ ಒಂದು ಚಳಿಗಾಲ ಕಳೆದ ಮೇಲೆ ಗೊತ್ತಾಯ್ತು.

ಮರದ ವಿಷಯ ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಇದರಲ್ಲಿ ಆಯ್ಕೆ ಅಂತ ಜಾಸ್ತಿ ಇಲ್ಲ. ಕೆಳಗಿನ ಪ್ಲೇಟ್ ಪ್ರೆಶರ್ ಟ್ರೀಟೆಡ್ ಮರವೇ ಆಗಿರಬೇಕು, ಅಂದ್ರೆ ಕೊಳೆಯದ ಹಾಗೆ ಒತ್ತಡದಲ್ಲಿ ರಸಾಯನ ಹೀರಿಸಿದ ಮರ, ಇಲ್ಲಾ ಸಹಜವಾಗೇ ಕೊಳೆಯದ ಜಾತಿಯ ಮರ ಆಗಿರಬೇಕು. ಇಲ್ಲಿನ ಮನೆ ಕಟ್ಟೋ ಕೋಡ್ ಐಆರ್‌ಸಿ ಪ್ರಕಾರ ಹೊರಗೋಡೆ ಬುಡದ ಕಾಂಕ್ರೀಟ್ ಮೇಲೆ ಕೂರೋ ಮರ ಹೊರಗಿನ ಮಣ್ಣಿಂದ ಎಂಟಿಂಚಿಗಿಂತ ಹತ್ತಿರ ಇದ್ರೆ ಅದು ಕಡ್ಡಾಯ. ಫೋಮ್ ಹಾಕ್ತೀವಲ್ಲ, ಸಾದಾ ಮರ ಹಾಕಿದ್ರೆ ಏನಾಗುತ್ತೆ ಅಂತ ಕೇಳಿದವರಿದಾರೆ, ದಯವಿಟ್ಟು ಬೇಡ. 2003ರ ಕೊನೆ ತನಕ ಮನೆ ಬಳಕೆ ಮರಕ್ಕೆ ಆರ್ಸೆನಿಕ್ ಇರೋ ಸಿಸಿಎ ಅನ್ನೋ ರಸಾಯನ ಹಾಕ್ತಿದ್ರು, ಅದು ನಿಂತ ಮೇಲೆ ಬಂದಿರೋ ಎಸಿಕ್ಯೂ, ಕಾಪರ್ ಅಜೋಲ್‌ಗಳಲ್ಲಿ ತಾಮ್ರ ಜಾಸ್ತಿ, ಅದು ಸಾದಾ ಕಬ್ಬಿಣನ ಬೇಗ ತಿನ್ನುತ್ತೆ, ಹಂಗಾಗಿ ಮೊಳೆ, ವಾಷರ್, ನಟ್ ಎಲ್ಲಾ ಹಾಟ್ ಡಿಪ್ ಗ್ಯಾಲ್ವನೈಸ್ಡೇ, ಅಂದ್ರೆ ಕರಗಿದ ಸತುವಲ್ಲಿ ಅದ್ದಿ ತೆಗೆದಿದ್ದೇ ತಗೊಳ್ಳಿ, ಬೋಲ್ಟೂ ಅದೇ ತಗೊಂಡ್ರೆ ಚಿಂತೆ ಇಲ್ಲ. ಬೋಲ್ಟ್ ಕಮ್ಮಿ ಅಂದ್ರೂ ಅರ್ಧ ಇಂಚು ದಪ್ಪ, ಏಳಿಂಚು ಕಾಂಕ್ರೀಟ್ ಒಳಗೆ, ಒಂದರಿಂದ ಒಂದಕ್ಕೆ ಆರಡಿ ಮೀರಬಾರದು, ಪ್ರತಿ ಪ್ಲೇಟಿನ ತುದಿಯಿಂದ ಒಂದಡಿ ಒಳಗೆ ಒಂದು ಇರಲೇಬೇಕು.

ಈಗ ಎರಡನೇ ಕಟ್ಟಡ. ಮಗ ಮೃದಂಗ ಕಲೀತಾನೆ, ಮನೆ ಒಳಗೆ ರಾತ್ರಿ ಎಂಟರ ಮೇಲೆ ನುಡಿಸೋ ಹಾಗಿಲ್ಲ, ನನಗೂ ಮರಗೆಲಸಕ್ಕೆ ಜಾಗ ಸಾಲ್ತಿರಲಿಲ್ಲ, ಹದಿನಾರಕ್ಕೆ ಇಪ್ಪತ್ನಾಲ್ಕಡಿ ಒಂದು ರೂಮು ಕಟ್ಟೋಣ ಅಂತಾಯ್ತು. ಇದರಲ್ಲಿ ಗಾಳಿ ನಿಲ್ಲಬೇಕು ಅನ್ನೋದು ಬರೀ ಥಂಡಿಗಲ್ಲ, ಸದ್ದಿಗೂ. ಗಾಳಿ ಹೋಗೋ ಸಂದಲ್ಲಿ ಸದ್ದೂ ಹೋಗುತ್ತೆ. ತಳಪಾಯ ಇಲ್ಲಿ ನೆಲ ಹೆಪ್ಪುಗಟ್ಟೋ ಆಳಕ್ಕಿಂತ ಕೆಳಗೆ, ಅಂದ್ರೆ 42 ಇಂಚು, ಹೋಗಬೇಕು, ಅದನ್ನೂ ಸ್ಲ್ಯಾಬನ್ನೂ ಕೆಲಸದವರ ಹತ್ರ ಮಾಡಿಸಿದೆ. ಸ್ಲ್ಯಾಬ್ ಕೆಳಗೆ ದಪ್ಪ ಪ್ಲಾಸ್ಟಿಕ್ ಶೀಟ್ ಹಾಕ್ಸೋದು ಮರೀಬೇಡಿ.

ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ಕಳೆದಿದ್ದು ಸ್ಲ್ಯಾಬ್ ನೋಡೋದರಲ್ಲಿ, ನೀವೂ ಅದನ್ನೇ ಮಾಡಿ ಅಂತ ಕೈ ಮುಗಿದು ಕೇಳ್ಕೋತೀನಿ. ಜೊತೆಗಿದ್ದ ಗೆಳೆಯ ಧಾರವಾಡದವನು, "ಹೊಸಾ ಸ್ಲ್ಯಾಬ್ ಐತಲ್ಲೋ, ಸಪಾಟ ಇರ್ತೈತಿ ಬಿಡು, ಏನ್ ನೋಡ್ತಿ" ಅಂದ. ಸುಮ್ಮನೆ ರಸಮಟ್ಟ ಇಟ್ಟು ನೋಡಿದ್ರೆ ಹೌದು, ಸಪಾಟಾಗೇ ಕಾಣ್ತಿತ್ತು. ರಸಮಟ್ಟ ನಾಕಡಿ ಉದ್ದ, ಗೋಡೆ ಇಪ್ಪತ್ನಾಲ್ಕಡಿ, ಅಲ್ಲೇ ಮೋಸ ಹೋಗೋದು. ನಾವು ಮಾಡಿದ್ದು ಹೀಗೆ: ಒಂದೇ ಹಲಗೆಯಿಂದ ಮೂರು ತುಂಡು ಕೊಯ್ದೆ, ಮೂರೂ ಒಂದೇ ದಪ್ಪ. ಗೋಡೆ ಬರೋ ಗೆರೆಯ ಎರಡು ತುದಿಗೆ ಒಂದೊಂದು ಇಟ್ಟು ಮೇಲೆ ದಾರ ಬಿಗಿದ್ವಿ. ಮೂರನೇ ತುಂಡನ್ನ ಕೈಲಿ ಹಿಡ್ಕೊಂಡು ಅಡಿಗೊಂದು ಸಲ ದಾರದ ಕೆಳಗೆ ತೂರಿಸ್ತಾ ಹೋದ್ವಿ. ತುಂಡು ದಾರನ ಎತ್ತಿದ್ರೆ ಅಲ್ಲಿ ಉಬ್ಬು, ತುಂಡಿಗೂ ದಾರಕ್ಕೂ ಮಧ್ಯ ಬೆಳಕು ಕಂಡ್ರೆ ತಗ್ಗು. ಎಷ್ಟು ಅಂತ ಸೀಮೆಸುಣ್ಣದಲ್ಲಿ ಸ್ಲ್ಯಾಬ್ ಮೇಲೇ ಬರೆದ್ವಿ. ಬಡಗಣ ಗೋಡೆ, ಮೂಡಣ ಗೋಡೆ ಚೆನ್ನಾಗಿದ್ವು. ತೆಂಕಣದ ಉದ್ದ ಗೋಡೆಯಲ್ಲಿ ಒಂಬತ್ತನೇ ಅಡಿಯಲ್ಲಿ ಒಂದು ಉಬ್ಬು, ಅದಾದ ಮೇಲೆ ಹದಿನಾರನೇ ಅಡಿಯಿಂದ ಮೂಲೆ ಹತ್ತಿರದ ತನಕ ತಗ್ಗು, ಎಲ್ಲಕ್ಕಿಂತ ಆಳ ಇದ್ದ ಕಡೆ ಕಾಲಿಂಚಿಗೂ ಅರ್ಧ ಇಂಚಿಗೂ ಮಧ್ಯ. ಫೋಮ್ ದಪ್ಪವೇ ಕಾಲಿಂಚು, ಅದೂ ಗೋಡೆ ಭಾರ ಬಿದ್ದಾಗ ಇನ್ನೂ ತೆಳ್ಳಗಾಗುತ್ತೆ, ಅಷ್ಟು ತಗ್ಗನ್ನ ಅದು ಎಲ್ಲಿಂದ ಮುಚ್ಚುತ್ತೆ? ಗೆಳೆಯ ಸೀಮೆಸುಣ್ಣದ ಲೆಕ್ಕ ನೋಡಿ ಏನೂ ಮಾತಾಡಲಿಲ್ಲ, ಹೋಗಿ ಗ್ರೈಂಡರ್ ತಂದ.

ಉಬ್ಬನ್ನ ಆಂಗಲ್ ಗ್ರೈಂಡರಿಗೆ ಡೈಮಂಡ್ ಕಪ್ ವೀಲ್ ಹಾಕಿ ತೇದ್ವಿ. ಆ ಧೂಳು ಶ್ವಾಸಕೋಶಕ್ಕೆ ತುಂಬ ಕೆಟ್ಟದ್ದು, ಅದರಲ್ಲಿ ಸಿಲಿಕಾ ಇರುತ್ತೆ, ಬಟ್ಟೆ ಕಟ್ಕೊಂಡ್ರೆ ಸಾಲಲ್ಲ, ಸರಿಯಾದ ರೆಸ್ಪಿರೇಟರ್ ಹಾಕಿ, ವ್ಯಾಕ್ಯೂಮ್ ಜೋಡಿಸಿ. ತಗ್ಗಿಗೆ ಹೊರಗಡೆ ಬಳಕೆಗೆ ಆಗೋ ಪಾಲಿಮರ್ ಸೇರಿಸಿದ ಸಿಮೆಂಟ್ ಪ್ಯಾಚ್ ಕಲಸಿ, ಎರಡು ಕಡೆ ತುದಿ ಸೊನ್ನೆಗೆ ಇಳಿಯೋ ಹಾಗೆ ಕರಣೆಯಲ್ಲಿ ಎಳೆದು ಒಣಗೋಕೆ ಬಿಟ್ವಿ. ಎಲ್ಲಾ ಸೇರಿ ಒಂದು ಶನಿವಾರ ಹೋಯ್ತು, ಅಷ್ಟೇ. ಆ ಶನಿವಾರ ಶೆಡ್ ಕಟ್ಟುವಾಗ ಯಾರಾದ್ರೂ ಕಳೆದಿದ್ರೆ ನಾನು ಇಷ್ಟು ಬರೀಬೇಕಿರಲಿಲ್ಲ.

ಇನ್ನು ಸಾಮಾನು. ಫೋಮ್ ರೋಲು ಎಲ್ಲಾ ದೊಡ್ಡ ಹಾರ್ಡ್‌ವೇರ್ ಅಂಗಡೀಲೂ ಸಿಗುತ್ತೆ, ಮೂರೂವರೆ ಇಂಚು, ಐದೂವರೆ ಇಂಚು ಅಗಲದಲ್ಲಿ, ಅಂದ್ರೆ ಟೂ ಬೈ ಫೋರ್, ಟೂ ಬೈ ಸಿಕ್ಸ್ ಮರದ ಅಗಲಕ್ಕೆ ಸರಿಯಾಗಿ, ಐವತ್ತಡಿ ರೋಲು. ನೀಲಿ ಬರುತ್ತೆ, ಓವೆನ್ಸ್ ಕಾರ್ನಿಂಗ್ ಅವರದ್ದು ಗುಲಾಬಿ ಬಣ್ಣ, ಅದರ ಮೈ ಮೇಲೆ ಉದ್ದುದ್ದ ಏಣು ಇರುತ್ತೆ. ಅಗ್ಗ, ಹಗುರ, ಕತ್ತರೀಲಿ ಕತ್ತರಿಸಬಹುದು, ಬೋಲ್ಟ್ ಮೇಲೆ ಒತ್ತಿದ್ರೆ ತಾನೇ ತೂತಾಗಿ ಇಳಿಯುತ್ತೆ. ಬಿಸಿ ಮಾಡದ ಶೆಡ್ಡಿಗೆ, ಸೈಕಲ್ಲು ಹುಲ್ಲು ಕತ್ತರಿಸೋ ಮಷೀನು ಇಡೋ ಜಾಗಕ್ಕೆ ಇದು ಸಾಕೇ ಸಾಕು, ಅದಕ್ಕಿಂತ ಖರ್ಚು ಮಾಡಬೇಡಿ. ಬಿಸಿ ಮಾಡೋ ರೂಮಿಗೆ ಫೋಮೇ ಹಾಕ್ತೀನಿ ಅಂದ್ರೆ ಅದರ ಮೇಲೊಂದು ಕೆಳಗೊಂದು ಗೆರೆ ಪಾಲಿಯುರೆಥೇನ್ ಸೀಲಂಟ್, ಅಂದ್ರೆ ಸಂದು ಮುಚ್ಚೋ ಪೇಸ್ಟು, ಎಳೆದೇ ಹಾಕಿ, ಸ್ಲ್ಯಾಬ್ ಸಮ ಇದ್ರೆ ಇದೂ ಒಳ್ಳೇ ಕೆಲಸ ಮಾಡುತ್ತೆ. ಬರೀ ಫೋಮ್ ನಂಬ್ಕೊಂಡು ಹೋಗಬೇಡಿ ಅಂತಷ್ಟೇ.

ಹೊಸ ರೂಮಿಗೆ ನಾನು ತರಿಸಿದ್ದು ಇಪಿಡಿಎಂ ರಬ್ಬರ್ ಗ್ಯಾಸ್ಕೆಟ್. ಅಂಗಡೀಲಿ ಸಿಗಲಿಲ್ಲ, ಆರ್ಡರ್ ಮಾಡಬೇಕಾಯ್ತು, ಬಾಲ್ಟಿಮೋರ್‌ನ ಕನ್ಸರ್ವೇಶನ್ ಟೆಕ್ನಾಲಜಿ ಅನ್ನೋರು ಮರದ ಚೌಕಟ್ಟಿಗೆ ಅಂತಲೇ ಈ ಥರ ಗ್ಯಾಸ್ಕೆಟ್ ಮಾರ್ತಾರೆ. ಇಪಿಡಿಎಂ ಅಂದ್ರೆ ಹೊಸ ವಸ್ತು ಏನಲ್ಲ, ಕಾರಿನ ಬಾಗಿಲ ಸುತ್ತ ಇರೋ ಬೀಡಿಂಗ್ ಬಹುಪಾಲು ಅದೇ. ನಮ್ಮ ಮನೇಲಿ ಇದನ್ನ ಅರ್ಥ ಮಾಡಿಸಿದ್ದು ಕುಕ್ಕರ್ ಗ್ಯಾಸ್ಕೆಟ್ ಉದಾಹರಣೆ ಕೊಟ್ಟು. ಮುಚ್ಚಳ ಒತ್ತಿದಾಗ ರಬ್ಬರು ಬಗ್ಗುತ್ತೆ, ಆದ್ರೆ ವಾಪಸ್ ತಳ್ಳುತ್ತಾ ಇರುತ್ತೆ, ಆ ತಳ್ಳೋದರಿಂದಲೇ ಹಬೆ ನಿಲ್ಲೋದು. ರಬ್ಬರು ಹಳೇದಾಗಿ ತಳ್ಳೋದು ಬಿಟ್ಟ ದಿನ ವಿಷಲ್ ಬರಲ್ಲ. ಸಿಲ್ ಪ್ಲೇಟಿಗೂ ಬೇಕಾಗಿರೋದು ಅದೇ ಗುಣ. ಅಂಗಡಿಯಿಂದ ತರೋ ಟ್ರೀಟೆಡ್ ಮರ ಒದ್ದೆ ಇರುತ್ತೆ, ಒಂದು ವರ್ಷದಲ್ಲಿ ಒಣಗಿ ಸಣ್ಣಗಾಗುತ್ತೆ, ಚೂರು ತಿರುಚಿಕೊಳ್ಳುತ್ತೆ, ಬೋಲ್ಟ್ ಸಡಿಲ ಆಗುತ್ತೆ. ಅಷ್ಟೊತ್ತಿಗೆ ಫೋಮ್ ಚಪ್ಪಟೆಯಾಗಿ ಹಾಗೇ ಇದ್ದುಬಿಟ್ಟಿರುತ್ತೆ, ರಬ್ಬರು ಮಾತ್ರ ಮರದ ಹಿಂದೆಯೇ ಏಳುತ್ತೆ. ಅಪ್ಪ ಬೆರಳಲ್ಲಿ ಒತ್ತಿ ಹೇಳಿದ್ದು ಇದನ್ನೇ.

ಬೆಲೆ ಫೋಮಿಗಿಂತ ಹಲವು ಪಟ್ಟು ಜಾಸ್ತಿ, ಅದನ್ನ ಮುಚ್ಚಿಡೋಕೆ ಆಗಲ್ಲ. ನನ್ನ ರೂಮಿನ ಸುತ್ತಳತೆ ಎಂಬತ್ತಡಿ, ಫೋಮ್ ಆಗಿದ್ರೆ ಎರಡು ರೋಲಲ್ಲಿ ಮುಗೀತಿತ್ತು. ಆದ್ರೂ ಒಂದು ಒಳ್ಳೇ ಕಿಟಕಿಯ ಬೆಲೆ ಜೊತೆ ಹೋಲಿಸಿದ್ರೆ ಇದು ಏನೂ ಅಲ್ಲ, ಕಿಟಕಿನ ಬೇಕಾದ್ರೆ ಹತ್ತು ವರ್ಷ ಬಿಟ್ಟು ಬದಲಾಯಿಸಬಹುದು, ಇದನ್ನ ಆಗಲ್ಲ, ಹೀಗೆ ಲೆಕ್ಕ ಹಾಕಿ ನಾನು ತಗೊಂಡೆ.

ಹಾಕುವಾಗ ಒಂದು ಕಷ್ಟ ಬಂತು. ಗೋಡೆನ ಪೂರ್ತಿ ನೆಲದ ಮೇಲೆ ಮಲಗಿಸಿ ಕಟ್ಟಿ ಆಮೇಲೆ ಎತ್ತಿ ನಿಲ್ಲಿಸೋದು ಇಲ್ಲಿನ ಪದ್ಧತಿ, ಹಾಗೆ ಎತ್ತುವಾಗ ಕೆಳಗಿನ ಪ್ಲೇಟ್ ಗ್ಯಾಸ್ಕೆಟ್ ಮೇಲೆ ಉಜ್ಜಿಕೊಂಡು ಅದನ್ನ ತಳ್ಳಿ ಮಡಚಿ ಹಾಕುತ್ತೆ, ಮೇಲಿಂದ ಬೋಲ್ಟ್ ತೂತಿಗೆ ಇಡೀ ಗೋಡೆನ ಇಳಿಸೋದು ಬೇರೆ. ಶೆಡ್ಡಲ್ಲಿ ಫೋಮ್ ಒಂದು ಕಡೆ ಹರಿದು ಸುರುಳಿ ಆಗಿದ್ದಿದ್ದು ಹೀಗೇ ಅಂತ ಈಗ ಅನ್ಸುತ್ತೆ. ಅದಕ್ಕೆ ನಾವು ಟ್ರೀಟೆಡ್ ಪ್ಲೇಟನ್ನ ಮಾತ್ರ ಮೊದಲು ಬೇರೆಯಾಗಿ ಕೂರಿಸಿದ್ವಿ. ಪ್ಲೇಟನ್ನ ಬೋಲ್ಟ್‌ಗಳ ಪಕ್ಕ ಇಟ್ಟು ಗುರುತು ಹಾಕಿ ತೂತು ಕೊರೆದು, ಮಗುಚಿ, ಅದರ ಹೊಟ್ಟೆಗೆ ಗ್ಯಾಸ್ಕೆಟ್ ಇಟ್ಟು ಸ್ಟೇಪಲ್ ಹೊಡೆದು, ಸ್ಲ್ಯಾಬ್ ಗುಡಿಸಿ ವ್ಯಾಕ್ಯೂಮ್ ಮಾಡಿ, ಪ್ರತಿ ಬೋಲ್ಟ್ ಬುಡಕ್ಕೆ ಒಂದು ಸುತ್ತು ಸೀಲಂಟ್ ಹಾಕಿ ಮೇಲಿಂದ ಇಬ್ಬರೂ ಹಿಡಿದು ನೆಟ್ಟಗೆ ಇಳಿಸಿದ್ವಿ. ಒಂದು ಸಣ್ಣ ಕಲ್ಲು ಚೂರು ಕೆಳಗೆ ಉಳಿದ್ರೂ ಅಲ್ಲಿ ಅರ್ಧ ಅಡಿ ಸಂದು, ಅದಕ್ಕೇ ಗುಡಿಸೋದು ಎರಡು ಸಲ. ನಟ್ ಬಿಗಿಯೋವಾಗ ಒಂದೇ ಸಲ ಪೂರ್ತಿ ಬಿಗೀಬೇಡಿ, ಕಾರಿನ ಚಕ್ರ ಹಾಕ್ತೀವಲ್ಲ ಹಾಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ, ಆಮೇಲೆ ಇನ್ನೊಂದು ಸುತ್ತು. ಅದರ ಮೇಲೆ ಮಾಮೂಲಿ ಗೋಡೆ ತಂದು ನಿಲ್ಲಿಸಿದ್ವಿ, ಮೊಳೆ ಹೊಡೆದ್ವಿ. ಹೀಗೆ ಮಾಡಿದಾಗ ಪ್ಲೇಟಿಗೂ ಗೋಡೆಯ ತಳದ ಮರಕ್ಕೂ ಮಧ್ಯ ಇನ್ನೊಂದು ಸಂದು ಹುಟ್ಟುತ್ತೆ, ಅಲ್ಲೂ ಒಂದು ಗೆರೆ ಸೀಲಂಟ್ ಬೇಕು, ಅದನ್ನ ಎಷ್ಟೋ ಜನ ಮರೀತಾರೆ.

ಮರೆಯದೇ ಒಂದು ಪರೀಕ್ಷೆ ಮಾಡಿ, ಹೊರಗಡೆ ಹಲಗೆ ಹೊಡೆಯೋ ಮುಂಚೆ. ಕತ್ತಲಾದ ಮೇಲೆ ಒಬ್ಬರು ಒಳಗೆ ನೆಲಕ್ಕೆ ಕೆನ್ನೆ ಇಟ್ಟು ಮಲಗಿ, ಇನ್ನೊಬ್ಬರು ಹೊರಗಿಂದ ಗೋಡೆ ಬುಡಕ್ಕೆ ಟಾರ್ಚ್ ಬಿಡ್ತಾ ನಡೀಲಿ. ಹೆಂಡತಿ ಹೊರಗಿಂದ ಬಂದಳು, ನಾನು ಒಳಗೆ. ತೆಂಕಣ ಗೋಡೆ, ನಾನು ಹೆದರಿಕೊಂಡಿದ್ದ ಆ ತಗ್ಗು, ಒಂದು ಚೂರೂ ಬೆಳಕಿಲ್ಲ. ಮೂಡಣ ಗೋಡೇಲಿ ಎರಡು ಪ್ಲೇಟ್ ಸೇರೋ ಜಾಗದಲ್ಲಿ ಮಾತ್ರ ಒಂದು ಸೂಜಿ ಮೊನೆಯಷ್ಟು ಬೆಳಕು ಕಾಣ್ತು, ಅಲ್ಲಿ ಗ್ಯಾಸ್ಕೆಟ್ ಎರಡು ತುಂಡು ಸೇರುವಾಗ ಸರಿಯಾಗಿ ಕೂಡಿರಲಿಲ್ಲ. ಸೀಲಂಟ್ ತುಂಬಿಸಿದೆ, ಹೋಯ್ತು.

ಬಾಗಿಲಿರೋ ಪಡುವಣ ಗೋಡೆಗೆ ಮೂರನೇ ಥರದ್ದು ಹಾಕಿದೆ, ಒಂದು ಮಗ್ಗುಲಿಗೆ ಅಂಟು ಇರೋ ಪಟ್ಟಿ, ಕೆಳಗೆ ರಬ್ಬರೈಸ್ಡ್ ಆಸ್ಫಾಲ್ಟ್, ಮೇಲೆ ಫೋಮ್. ಪ್ರೊಟೆಕ್ಟೋ ರಾಪ್ ಅನ್ನೋರ ಟ್ರಿಪಲ್ ಗಾರ್ಡ್ ಈ ಜಾತಿಯದ್ದು, ಬೇರೆಯವರದ್ದೂ ಇವೆ. ಅಲ್ಲಿ ಪ್ಲೇಟ್ ಇರೋದು ಬಾಗಿಲ ಎರಡು ಕಡೆ ಸೇರಿ ಹತ್ತಡಿ ಮಾತ್ರ, ಗೆಳೆಯನ ಹತ್ರ ಅರ್ಧ ರೋಲು ಉಳಿದಿತ್ತು. ಇದು ಸ್ಲ್ಯಾಬಿಗೇ ಅಂಟೋದರಿಂದ ಗೋಡೆ ಎತ್ತುವಾಗ ಅಲ್ಲಾಡಲ್ಲ, ಬೋಲ್ಟ್ ಸುತ್ತ ಆ ಡಾಂಬರಿನಂಥ ಪದರ ಚೆನ್ನಾಗಿ ಹಿಡ್ಕೊಳ್ಳುತ್ತೆ, ಅದು ನನಗೆ ತುಂಬ ಇಷ್ಟ ಆಯ್ತು. ಆದ್ರೆ ಕಾಂಕ್ರೀಟ್ ಒಣಗಿರಬೇಕು, ಧೂಳಿರಬಾರದು, ಪ್ರೈಮರ್ ಬಳೀಬೇಕು, ಥಂಡಿ ದಿನ ಅಂಟೋದು ಕಷ್ಟ. ನಾವು ಅಕ್ಟೋಬರ್ ಕೊನೇಲಿ ಹಾಕಿದ್ವಿ, ಬೆಳಗ್ಗೆ ಅಂಟಲಿಲ್ಲ, ಬಿಸಿಲು ಬರೋ ತನಕ ಕಾದು ಹೀಟ್ ಗನ್ನಲ್ಲಿ ಸ್ಲ್ಯಾಬ್ ಬೆಚ್ಚಗೆ ಮಾಡಿ ಅಂಟಿಸಿದ್ವಿ. ಬೇಸಿಗೇಲಿ ಕಟ್ಟೋರಿಗೆ ಈ ರಗಳೆ ಇರಲ್ಲ. ತಗ್ಗು ಉಬ್ಬಿನ ವಿಷಯದಲ್ಲಿ ಇದು ಫೋಮಿಗಿಂತ ಮೇಲು, ರಬ್ಬರಿಗಿಂತ ಕೆಳಗೆ.

ಈಗ ಒಂದು ಪೂರ್ತಿ ಚಳಿಗಾಲ ಕಳೆದಿದೆ. ಅದೇ ಬಾಕ್ಸ್ ಫ್ಯಾನು, ಅದೇ ಊದುಬತ್ತಿ. ಎಂಬತ್ತಡಿ ಸುತ್ತು ಹಾಕಿದೆ, ಹೊಗೆ ಬಾಗಿದ್ದು ಎರಡೇ ಕಡೆ, ಎರಡೂ ಬಾಗಿಲ ಹೊಸ್ತಿಲ ತುದಿ, ಅದು ಬಾಗಿಲಿನ ತಪ್ಪು, ಸಿಲ್‌ದಲ್ಲ. ಮೈನಸ್ ಬಿದ್ದ ದಿನ ಕೂಡ ನಟ್ ಮೇಲೆ ಹಿಮ ಕೂರಲಿಲ್ಲ, ಮುಟ್ಟಿದ್ರೆ ತಣ್ಣಗಿತ್ತು ಅಷ್ಟೇ. ಮೃದಂಗದ ಸದ್ದು ಹೊರಗೆ ಪೂರ್ತಿ ನಿಂತಿಲ್ಲ, ಎಡಗೈಯ ಆ ಗುಂಕಾರ ಕೇಳುತ್ತೆ, ಆದ್ರೆ ಬಲಗೈಯ ಚಾಪು ಬೇಲಿ ಹತ್ರ ಹೋದ್ರೆ ಕೇಳಲ್ಲ. ಒಳಗಡೆ ಜಿಪ್ಸಮ್ ಬೋರ್ಡ್ ಬುಡಕ್ಕೆ ಅಕೌಸ್ಟಿಕಲ್ ಸೀಲಂಟ್ ಹಾಕಿದ್ದೂ ಅದಕ್ಕೆ ಕಾರಣ ಇರಬಹುದು, ಅದು ಎಂದೂ ಗಟ್ಟಿಯಾಗದೇ ಮೆತ್ತಗೇ ಇರೋ ಸೀಲಂಟು. ವರ್ಷ ಕಳೆದ ಮೇಲೆ ಗೋಡೆ ಒಳಗೆ ಕೈ ಹಾಕೋ ಹಾಗೆ ಬಿಟ್ಟಿದ್ದ ನಾಕು ಜಾಗದಲ್ಲಿ ಸ್ಪ್ಯಾನರ್ ಹಾಕಿ ನೋಡಿದೆ, ಪ್ರತಿ ನಟ್ಟೂ ಸುಮಾರು ಅರ್ಧ ಸುತ್ತು ತಿರುಗ್ತು. ಮರ ಅಷ್ಟು ಒಣಗಿದೆ, ರಬ್ಬರು ಅದನ್ನ ತುಂಬಿದೆ.

ಹೊಸ ಮನೆ ಕಟ್ಟಿಸ್ತಿರೋರಿಗೆ ಇನ್ನೊಂದು ಮಾತು. ಐಆರ್‌ಸಿಯಲ್ಲೇ ತಳಪಾಯಕ್ಕೂ ಸಿಲ್ ಪ್ಲೇಟಿಗೂ ಮಧ್ಯದ ಸಂದು ಸೀಲ್ ಆಗಿರಬೇಕು ಅಂತ ಬರೆದಿದೆ. 2012ರ ಆವೃತ್ತಿಯಿಂದ ಚಳಿ ಪ್ರದೇಶಗಳಿಗೆ, ಫ್ಯಾನ್ ಇಟ್ಟು ಸೋರಿಕೆ ಪರೀಕ್ಷೆ ಮಾಡುವಾಗ, 50 ಪ್ಯಾಸ್ಕಲ್ ಒತ್ತಡದಲ್ಲಿ ಗಂಟೆಗೆ ಮೂರು ಸಲಕ್ಕಿಂತ ಜಾಸ್ತಿ ಮನೆ ಗಾಳಿ ಬದಲಾಗಬಾರದು ಅನ್ನೋ ಮಿತಿ ಬಂತು, ಆದ್ರೆ ಒಂದೊಂದು ರಾಜ್ಯ ಅದನ್ನ ಒಂದೊಂದು ಥರ ತಿದ್ದಿಕೊಂಡು ಬಳಸುತ್ತೆ, ನಿಮ್ಮ ಊರಿನ ಆಫೀಸಲ್ಲಿ ಕೇಳಿ. ಬಿಲ್ಡರ್ ಹತ್ರ "ಸಿಲ್ ಸೀಲ್ ಹಾಕ್ತೀರಾ" ಅಂತ ಕೇಳಿದ್ರೆ ಎಲ್ಲರೂ ಹೌದು ಅಂತಾರೆ. ಯಾವುದು ಹಾಕ್ತೀರಿ, ಸ್ಲ್ಯಾಬ್ ತಗ್ಗಿದ್ರೆ ಏನು ಮಾಡ್ತೀರಿ ಅಂತ ಕೇಳಿ. ಗೋಡೆ ಎತ್ತೋ ದಿನ ರಜೆ ಹಾಕಿ ಅಲ್ಲಿರಿ.

ಹಳೇ ಶೆಡ್ಡಿಗೆ ಏನು ಮಾಡ್ದೆ ಅಂತ ಕೇಳ್ತೀರಿ. ಒಳಗಡೆಯಿಂದ ಆ ಐದಡಿ ಸಂದಿಗೆ ಬ್ಯಾಕರ್ ರಾಡ್, ಅಂದ್ರೆ ಹಗ್ಗದ ಥರ ಉದ್ದ ಫೋಮು, ಅದನ್ನ ಒತ್ತಿ ತುರುಕಿ ಮೇಲೆ ಪಾಲಿಯುರೆಥೇನ್ ಸೀಲಂಟ್ ಎಳೆದೆ. ಹೊರಗಡೆಯಿಂದ ಮುಚ್ಚಲಿಲ್ಲ, ಮಳೆ ನೀರು ಹೇಗೋ ಒಳಗೆ ಇಳಿದ್ರೆ ಹೊರಗೆ ಹೋಗೋಕೆ ದಾರಿ ಬೇಕಲ್ವಾ, ಅದನ್ನೂ ಕಟ್ಟಿಬಿಟ್ರೆ ಮರ ನೀರಲ್ಲಿ ಕೂರುತ್ತೆ. ಸುಮಾರು ಸರಿ ಹೋಗಿದೆ, ಹೊಗೆ ಇನ್ನೂ ಸ್ವಲ್ಪ ಅಲ್ಲಾಡುತ್ತೆ.

ಚಿಕ್ಕಪ್ಪನ ಮಗ ಕೊಪ್ಪದ ಹತ್ರ ಹೋಂಸ್ಟೇಗೆ ಅಂತ ಎರಡು ಮರದ ಕಾಟೇಜ್ ಕಟ್ಟಿಸ್ತಿದಾನೆ, ಕಾಂಕ್ರೀಟ್ ನೆಲದ ಮೇಲೆ. ಫೋನ್ ಮಾಡಿ ಈ ಫೋಮ್ ಕಳಿಸ್ತೀಯಾ ಅಂತ ಕೇಳಿದ. ಅಲ್ಲಿ ಥಂಡಿ ಗಾಳಿ ಸಮಸ್ಯೆ ಅಲ್ಲ, ಮಲೆನಾಡಿನ ನಾಕು ತಿಂಗಳ ಮಳೆ ಮತ್ತೆ ಒರಲೆ. ಫೋಮಾಗಲಿ ರಬ್ಬರಾಗಲಿ ಒರಲೆನ ತಡೆಯಲ್ಲ, ಫೋಮನ್ನಂತೂ ಕೊರೆದುಕೊಂಡು ಅದರೊಳಗೇ ಏರುತ್ತೆ. ಅವನಿಗೆ ಹೇಳಿದ್ದು ಇಷ್ಟು: ನೆಲದಿಂದ ಪ್ಲಿಂತ್ ಚೆನ್ನಾಗಿ ಮೇಲೆತ್ತು, ಮಾಡಿನ ಚಾಚು ಉದ್ದ ಬಿಡು, ಕಟ್ಟೋ ಮುಂಚೆ ಮಣ್ಣಿಗೆ ಒರಲೆ ಔಷಧಿ ಹೊಡೆಸು, ಮೇಸ್ತ್ರಿಗೆ ಡಿಪಿಸಿ, ಅಂದ್ರೆ ತೇವ ಮೇಲೇರದ ಹಾಗೆ ಹಾಕೋ ಪದರ, ಗೊತ್ತಿರುತ್ತೆ, ಗೋಡೆಗೆ ಹಾಕೋ ಹಾಗೇ ಇಲ್ಲೂ ಹಾಕ್ಸು, ಅದರ ಮೇಲೆ ಇಪಿಡಿಎಂ ಶೀಟಿನ ಪಟ್ಟಿ ಬೆಂಗಳೂರಲ್ಲೇ ಸಿಗುತ್ತೆ, ಕೊಯ್ಸಿಕೋ. ಇಲ್ಲಿಂದ ಕಳಿಸೋ ಅಗತ್ಯ ಇಲ್ಲ. ಮತ್ತೆ ಪ್ಲೇಟ್ ಬುಡ ಕಣ್ಣಿಗೆ ಕಾಣೋ ಹಾಗೇ ಇರಲಿ, ಹಲಗೆ ಹೊಡೆದು ಮುಚ್ಚಬೇಡ, ಒರಲೆ ಮಣ್ಣಿನ ಗೆರೆ ಎದ್ರೆ ಅವತ್ತೇ ಕಾಣಬೇಕು. ಅಪ್ಪ ಪಕ್ಕದಲ್ಲೇ ಕೂತು ಕೇಳ್ತಿದ್ರು, ಫೋನ್ ತಗೊಂಡು "ಕಲ್ಲು ಕೊಟ್ಟು ಎತ್ತೋ, ಕಲ್ಲು" ಅಂದ್ರು ಅವನಿಗೆ.

ಹಾಗಾಗಿ ನನ್ನ ಮಾರ್ಕು ಅಂದ್ರೆ ಇಪಿಡಿಎಂ ಗ್ಯಾಸ್ಕೆಟ್ಟಿಗೆ ಐದಕ್ಕೆ ಐದು, ಅಂಟೋ ಪಟ್ಟಿಗೆ ನಾಲ್ಕು, ಬೇಸಿಗೇಲಿ ಹಾಕಿದ್ರೆ ಇನ್ನರ್ಧ ಸೇರಿಸ್ಕೊಳ್ಳಿ, ಫೋಮಿಗೆ ಸೀಲಂಟ್ ಜೊತೆ ಮೂರೂವರೆ, ಸೀಲಂಟ್ ಇಲ್ಲದೆ ಎರಡು. ನನ್ನ ಹತ್ರ ಗ್ಯಾಸ್ಕೆಟ್ ಸುಮಾರು ಹನ್ನೆರಡಡಿ ಉಳಿದಿದೆ, ಗ್ಯಾರೇಜಲ್ಲಿ ಮೊಳೆಗೆ ನೇತು ಹಾಕಿದೀನಿ. ಅರ್ಧ ಅಡಿ ತುಂಡು ಬೇರೆಯಾಗಿ ಕೊಯ್ದು ಇಟ್ಟಿದೀನಿ, ಪಕ್ಕದಲ್ಲೇ ಅಷ್ಟೇ ಉದ್ದದ ಫೋಮ್. ಕನ್ನಡ ಕೂಟದ ಕಾರ್ಯಕ್ರಮಕ್ಕೆ ಬಂದಾಗ ಮನೆ ಕಟ್ಟೋ ಯೋಚನೆ ಇರೋರು ಯಾರಾದ್ರೂ ಸಿಕ್ರೆ ಎರಡನ್ನೂ ಕೈಗೆ ಕೊಡ್ತೀನಿ, ಒತ್ತಿ ನೋಡಿ ಅಂತ.